ಹಳೆಯ ಕ್ರೀಡಾಮೋಟಾರುಗಳ ಪೆಟ್ರೋಲ್ ಟ್ಯಾಂಕು: ಸುರಕ್ಷತೆಯ ಇತಿಹಾಸ

ಪೆಟ್ರೋಲ್ ಟ್ಯಾಂಕನ್ನು ವಾಹನದ ಯಾವ ಭಾಗದಲ್ಲಿರಿಸಬೇಕು, ಯಾವ ದ್ರವ್ಯದಿಂದ ನಿರ್ಮಿಸಬೇಕು ಎಂಬ ಪ್ರಶ್ನೆಗೆ ಮೋಟಾರು ನಿರ್ಮಾಪಕರು ಬಹುಕಾಲ ನೀಡುತ್ತ ಬಂದ ಉತ್ತರಗಳಲ್ಲಿ ಇಂಧನದ ಪ್ರವಾಹ, ಭಾರದ ಸಮತೋಲ, ಆಕೃತಿಯ ಸೊಗಸು ಇವುಗಳಿಗಿದ್ದ ಪ್ರಾಧಾನ್ಯ ಕುಳಿತವರ ಪ್ರಾಣರಕ್ಷಣೆಗೆ ಇರಲಿಲ್ಲ. ಪೆಟ್ರೋಲು ತನ್ನ ಭಾರದಿಂದಲೇ ಕಾರ್ಬ್ಯುರೇಟರಿಗೆ ಇಳಿದುಬರಬೇಕಾಗಿದ್ದಾಗ ಟ್ಯಾಂಕು ಎತ್ತರದಲ್ಲಿರುವುದು ಅನಿವಾರ್ಯವಾಗಿತ್ತು. 1922ರಲ್ಲಿ ಬಂದ ಆಸ್ಟಿನ್ ಸೆವೆನ್‌ನಲ್ಲಿ ಅದು ಬಾನೆಟ್ಟಿನೊಳಗೆ, ಕಾದ ಎಂಜಿನ್ನಿಗೂ ಚಾಲಕನ ಕಾಲುಗಳಿಗೂ ನಡುವೆ ನೆಲಸಿತ್ತು. ಗಾಳಿಯೊತ್ತಡ, ನಿರ್ವಾತ, ಪಂಪು ಇವುಗಳ ಬಳಕೆಯಿಂದ ಟ್ಯಾಂಕು ಹಿಂದಕ್ಕೆ ಸರಿಯಿತಾದರೂ ಅಪಾಯವೂ ಅದರೊಡನೆಯೇ ಸರಿಯಿತು: 1924ರ ಬುಗಾಟಿ ಟೈಪ್ 35ರಲ್ಲಿ ಅದು ಚೂಪಾದ ಬಾಲದೊಳಗೆ ಅಡಗಿದರೆ, ಯುದ್ಧಾನಂತರದ ಎಂ.ಜಿ. ಟಿ.ಸಿ.ಯಲ್ಲಿ ಯಾವ ಮರೆಯೂ ಇಲ್ಲದೆ ಬೆನ್ನಿಗೆ ನಿಂತಿತು. ಹಿಂದಿನಿಂದ ಬರುವ ಹೊಡೆತಕ್ಕೂ ಅದಕ್ಕೂ ನಡುವೆ ಇದ್ದುದು ಸ್ಟೆಪ್ನಿಯೊಂದೇ.

ಆದರೆ ಸ್ಥಾನಕ್ಕಿಂತಲೂ ದ್ರವ್ಯದ ದೋಷವೇ ಹಿರಿದೆನ್ನಬೇಕು. ತಗಡಿನ ಟ್ಯಾಂಕು ಆಘಾತಕ್ಕೆ ಬಾಗಿಕೊಡದೆ ಬೆಸುಗೆಯ ಅಂಚಿನಲ್ಲಿ ಬಿರಿಯುತ್ತದೆ. 1962ರ ಲೋಟಸ್ 25ರಲ್ಲಿ ರಬ್ಬರು ಚೀಲಗಳು ಬಂದುವಾದರೂ, ಚಾಲಕನ ಎರಡು ಮಗ್ಗುಲಲ್ಲಿಯೂ ಪೆಟ್ರೋಲು ತುಂಬಿಸುವ ಅದರ ವಿನ್ಯಾಸ ಅವನನ್ನು ಟ್ಯಾಂಕಿನ ನಡುವೆಯೇ ಕೂಡಿಸಿದಂತಾಯಿತು. 1966ರ ಜೂನ್ 12ರಂದು ಬೆಲ್ಜಿಯಮ್ಮಿನ ಸ್ಪಾ ಪಂದ್ಯದಲ್ಲಿ ಮಳೆಗೆ ಜಾರಿ ಅಪ್ಪಳಿಸಿದ ಬಿ.ಆರ್.ಎಂ. ಕಾರಿನೊಳಗೆ ಜಾಕಿ ಸ್ಟ್ಯೂವರ್ಟ್ ಕಾಲು ಸಿಕ್ಕಿಕೊಂಡು, ಸೋರುತ್ತಿದ್ದ ಪೆಟ್ರೋಲಿನಲ್ಲಿ ತೊಯ್ದು ಬಿದ್ದಿರಲು, ಅವರನ್ನು ಬಿಡಿಸಿದವರು ಪಂದ್ಯದ ಅಧಿಕಾರಿಗಳಲ್ಲ; ಸಹಸ್ಪರ್ಧಿಗಳಾದ ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡ್ಯುರಂಟ್, ಅದೂ ಪ್ರೇಕ್ಷಕನೊಬ್ಬನಿಂದ ಎರವಲು ಪಡೆದ ಸ್ಪ್ಯಾನರಿನಿಂದ. ಒಂದು ಕಿಡಿ ಸಾಕಾಗಿತ್ತು. ಆ ಅದೃಷ್ಟ ಮರುವರ್ಷ ಮೊನಾಕೋದಲ್ಲಿ ಲೊರೆಂಜೊ ಬಂಡೀನಿಗೆ ಒದಗಲಿಲ್ಲ. ಉರಿಯಲ್ಲಿ ಬೆಂದ ಆತ ಮೂರು ದಿನಗಳ ಮೇಲೆ ತೀರಿಕೊಂಡರು.

ಪರಿಹಾರದ ಬೀಜ ವಿಮಾನಗಳಲ್ಲಿತ್ತು. ಗುಂಡು ತಗಲಿದರೂ ತೂತು ತಾನಾಗಿ ಮುಚ್ಚಿಕೊಳ್ಳುವ ರಬ್ಬರು ಪದರದ ಟ್ಯಾಂಕುಗಳು ಎರಡನೆಯ ಮಹಾಯುದ್ಧದಲ್ಲಿಯೇ ಬಳಕೆಯಲ್ಲಿದ್ದುವು. 1964ರ ಮೇ 30ರಂದು ಇಂಡಿಯಾನಾಪೊಲಿಸ್‌ನ ಅಗ್ನಿದುರಂತ ಎಡ್ಡಿ ಸ್ಯಾಕ್ಸ್, ಡೇವ್ ಮ್ಯಾಕ್‌ಡೊನಾಲ್ಡ್ ಇವರಿಬ್ಬರನ್ನು ಬಲಿತೆಗೆದುಕೊಂಡ ಬಳಿಕವೇ ಅಮೆರಿಕದ ಪಂದ್ಯಗಳಲ್ಲಿ ಈ ಬಗೆಯ ಚೀಲಗಳಿಗೆ ಮನ್ನಣೆ ದೊರೆಯತೊಡಗಿತು. ಫಾರ್ಮುಲಾ ಒನ್‌ನಲ್ಲಿ ಚೀಲದ ಟ್ಯಾಂಕು 1970ರಲ್ಲಿಯೂ, ಒಳಗಣ ಆವಿಯಲ್ಲಿ ಜ್ವಾಲೆ ಹರಡದಂತೆ ತಡೆಯುವ ಸ್ಪಂಜಿನಂಥ ತುಂಬುವಸ್ತು 1972ರಲ್ಲಿಯೂ ಕಡ್ಡಾಯವಾದುವು. ರಸ್ತೆಯ ಕಾರುಗಳಿಗೆ ಅಮೆರಿಕ 1968ರಲ್ಲಿ ವಿಧಿಸಿದ ನಿಯಮ ಎದುರಿನ ಡಿಕ್ಕಿಯನ್ನಷ್ಟೇ ಗಣಿಸಿತ್ತು. ಹಿಂದಿನ ಡಿಕ್ಕಿಯ ಪರೀಕ್ಷೆ ಬರಲು 1977ರ ಮಾದರಿಗಳವರೆಗೆ ಕಾಯಬೇಕಾಯಿತು.

ಇಂದು ಹಳೆಯ ಕ್ರೀಡಾಮೋಟಾರುಗಳನ್ನು ಪಂದ್ಯಕ್ಕಿಳಿಸುವವರಲ್ಲಿ ಹಲವರು ಹಳೆಯ ತಗಡಿನ ಕವಚದೊಳಗೆ ಹೊಸ ಚೀಲವನ್ನು ಅಡಗಿಸಿಡುತ್ತಾರೆ. ಮೂಲರೂಪ ಕೆಟ್ಟಿತೆಂದು ಗೊಣಗುವ ಶುದ್ಧಿವಾದಿಗಳ ಮಾತಿಗೆ ಇಲ್ಲಿ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಆದರೆ ಚೀಲವೂ ಶಾಶ್ವತವಲ್ಲ: ಅಂತಾರಾಷ್ಟ್ರೀಯ ಮಾನಕದಂತೆ ಅದರ ಆಯುಸ್ಸು ಐದು ವರ್ಷ, ಮರುಪರೀಕ್ಷೆಯಾದಲ್ಲಿ ಇನ್ನೆರಡು. ಪಂದ್ಯಕ್ಕೆ ಹೋಗದ ಕಾರುಗಳಲ್ಲಿ ಉಳಿದಿರುವ ಮೂಲ ಟ್ಯಾಂಕುಗಳಿಗೆ ಒಳಗಣ ತುಕ್ಕೇ ಶತ್ರು. ಬರಿದಾದ ಟ್ಯಾಂಕಿನಲ್ಲಿ ಉಳಿಯುವ ಆವಿ ತುಂಬಿದ ಟ್ಯಾಂಕಿಗಿಂತ ಸುಲಭವಾಗಿ ಸ್ಫೋಟಿಸುವುದರಿಂದ, ಚೆನ್ನಾಗಿ ತೊಳೆದು ಆವಿ ಕಳೆಯದ ಹೊರತು ಅದಕ್ಕೆ ಬೆಸುಗೆ ಹಾಕಲಾಗದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಲೋಕಾರ್ಪಣೆಗೊಂಡ, ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹಳೆಯ ರಬ್ಬರು ಕೊಳವೆಗಳನ್ನೂ ಟ್ಯಾಂಕಿನ ಒಳಲೇಪವನ್ನೂ ಅದು ಮೆತ್ತಗಾಗಿಸಬಲ್ಲುದಾದ್ದರಿಂದ, ಇಂಥ ಕಾರುಗಳಲ್ಲಿ ಎಥನಾಲನ್ನು ತಾಳುವ ಕೊಳವೆಗಳನ್ನು ಜೋಡಿಸುವುದು ಈಗ ಅಗತ್ಯವಾಗಿದೆ.