ನಗರಕ್ಕೇಕೆ ವಕೀಲರು?

ನಾವು ನೆಲೆಸಿರುವ ಅಮೆರಿಕದ ನಗರಸಭೆಗಳಲ್ಲಿ ಮೇಯರರ ಬಳಿ ನಗರದ ವಕೀಲರೂ ಆಸೀನರಾಗಿರುವುದನ್ನು ಕಾಣುತ್ತೇವೆ. ಇದರ ಹಿಂದೊಂದು ಇತಿಹಾಸವಿದೆ. ತನ್ನ ಬೀದಿಗಳಲ್ಲಿ ರೈಲುಹಳಿ ಹಾಕುವುದನ್ನು ವಿರೋಧಿಸಿದ ಅಯೋವಾದ ಕ್ಲಿಂಟನ್ ನಗರವು 1868ರಲ್ಲಿ ರಾಜ್ಯದ ಶ್ರೇಷ್ಠ ನ್ಯಾಯಾಲಯದಲ್ಲಿ ಸೋತಿತು. ನಗರವು ಶಾಸನಸಭೆಯ ಸೃಷ್ಟಿ, ಆ ಸಭೆ ಇತ್ತಷ್ಟೇ ಅದರ ಅಧಿಕಾರ ಎಂಬುದು ನ್ಯಾಯಮೂರ್ತಿ ಜಾನ್ ಡಿಲನ್ನರ ನಿಲುವು.

1875ರಲ್ಲಿ ಮಿಸ್ಸೂರಿಯ ಸಂವಿಧಾನವು ಸೇಂಟ್ ಲೂಯಿಸ್ ನಗರಕ್ಕೆ ತನ್ನ ಆಡಳಿತದ ಸನದನ್ನು ತಾನೇ ರಚಿಸಿಕೊಳ್ಳುವ ಹಕ್ಕನ್ನು ನೀಡಿತು. ಆದರೂ ಹಲವು ರಾಜ್ಯಗಳಲ್ಲಿ ಡಿಲನ್ನರ ನಿಯಮ ಇಂದಿಗೂ ಜೀವಂತವಾಗಿದೆ.

ಆದುದರಿಂದಲೇ ನಗರದ ವಕೀಲರು ಮೊದಲು ವಿಚಾರಿಸುವುದು, ಈ ಕಾರ್ಯಕ್ಕೆ ನಗರಕ್ಕೆ ಅಧಿಕಾರವುಂಟೇ ಎಂದು. ಇಲ್ಲವಾದರೆ ರಾಜ್ಯದ ಶಾಸಕರನ್ನು ಒಪ್ಪಿಸಬೇಕಾಗುತ್ತದೆ. ಬೀದಿಗೋ ಉದ್ಯಾನಕ್ಕೋ ಮನವಿ ಸಲ್ಲಿಸುವ ನಾವೂ ಯಾರ ಬಾಗಿಲು ತಟ್ಟಬೇಕೆಂಬುದನ್ನು ಅರಿತಿರುವುದು ಒಳಿತು.