ನೀರು ಇಳಿದಾಗ ತೆರೆಯುವ ದಾರಿ

ಚಿರಾಪುಂಜಿ ಎಂದೊಡನೆ ಶಾಲೆಯ ಭೂಗೋಳ ಪಾಠ ನೆನಪಾಗುತ್ತದೆ. ವರ್ಷಕ್ಕೆ 11 ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಆ ನೀರು ಹೋಗುವುದೆಲ್ಲಿಗೆ? ಒಂದು ಪಾಲು ನೆಲದಡಿಗೆ. ಮೇಘಾಲಯದ ಸುಣ್ಣಕಲ್ಲನ್ನು ಕರಗಿಸುತ್ತ ಅದು ಮೈಲುಗಟ್ಟಲೆ ಸುರಂಗ ಕೊರೆದಿದೆ. ಖಾಸಿ ಭಾಷೆಯಲ್ಲಿ ಗುಹೆಗೆ 'ಕ್ರೆಮ್' ಎನ್ನುತ್ತಾರೆ. ಮಳೆಗಾಲದಲ್ಲಿ ಇವುಗಳಲ್ಲಿ ಹಲವು ಗುಹೆಗಳಲ್ಲ, ಹೊಳೆಗಳು; ಒಳಹೊಕ್ಕವನಿಗೆ ಉಳಿಗಾಲವಿಲ್ಲ.

ಚಳಿಗಾಲದಲ್ಲಿ ಮಳೆ ನಿಂತು ನೀರು ಇಳಿದಾಗಲೇ ದಾರಿ ತೆರೆಯುವುದು. 1992ರಿಂದ ದೇಶವಿದೇಶಗಳ ಗುಹಾನ್ವೇಷಕರು ಈ ಒಣ ದಿನಗಳನ್ನೇ, ಹೆಚ್ಚಾಗಿ ಫೆಬ್ರುವರಿಯನ್ನು, ಕಾದು ಬರುತ್ತಿದ್ದಾರೆ. ನೀರಿನಲ್ಲಿ ನಡೆದು, ಕೆಲವೆಡೆ ಈಜಿ, ಅಳತೆ ಹಿಡಿದು ನಕ್ಷೆ ಬರೆಯುತ್ತಾರೆ. ಜೈಂತಿಯಾ ಬೆಟ್ಟಗಳ ಕ್ರೆಮ್ ಲಿಯಾಟ್ ಪ್ರಾ 30 ಕಿ.ಮೀ.ಗೂ ಉದ್ದವಿದೆಯೆಂದು ಗೊತ್ತಾದದ್ದು ಹೀಗೆ, ವರ್ಷವರ್ಷವೂ ತುಂಡುತುಂಡಾಗಿ.

ಇನ್ನೊಂದು ಸೋಜಿಗವಿದೆ. ಚಿರಾಪುಂಜಿ ಬಳಿಯ ಮಾಮ್ಲು ಗುಹೆಯಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣದ ಕಂಬವೊಂದರ ಪದರಗಳಲ್ಲಿ, ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಸೊರಗಿದ ಗುರುತು ಸಿಕ್ಕಿತು. ಅಂದಿನಿಂದ ಇಂದಿನವರೆಗಿನ ಕಾಲಕ್ಕೆ ಭೂವಿಜ್ಞಾನಿಗಳು 2018ರಲ್ಲಿ 'ಮೇಘಾಲಯನ್' ಎಂದೇ ಹೆಸರಿಟ್ಟರು. ಮಳೆಯ ನಾಡು ಬರದ ಕಾಲಮಾನಕ್ಕೆ ಹೆಸರು ಕೊಟ್ಟಿತು!

ಅದೇ ಸುಣ್ಣಕಲ್ಲು ಸಿಮೆಂಟಿಗೂ ಬೇಕು. ಗಣಿ ತೋಡುವವರು ಫೆಬ್ರುವರಿಗಾಗಿ ಕಾಯುವುದಿಲ್ಲ.