ಹೆಸರಿನಲ್ಲಿ ಧರ್ಮ ಹುಡುಕಿದವರು

ಖಾಸಿ ಭಾಷೆಯಲ್ಲಿ ‘ಲಿಂಗ್ಡೊ’ ಎಂದರೆ ಪೂಜಾರಿ. ಮೇಘಾಲಯದ ಆ ಜನರ ಮೂಲಧರ್ಮದ ವಿಧಿಗಳನ್ನು ನೆರವೇರಿಸುವವನು. ಈ ಕುಲನಾಮವನ್ನು ಹೊತ್ತ ಜೇಮ್ಸ್ ಮೈಕೇಲ್ ಲಿಂಗ್ಡೊ 1961ರಲ್ಲಿ ಐ.ಎ.ಎಸ್. ಸೇರಿ, ಬಿಹಾರದಲ್ಲಿ ಸೇವೆ ಸಲ್ಲಿಸಿ, 2001ರ ಜೂನ್‌ನಲ್ಲಿ ಭಾರತದ ಮುಖ್ಯ ಚುನಾವಣಾ ಆಯುಕ್ತರಾದರು.

ಮರುವರ್ಷವೇ ಅಗ್ನಿಪರೀಕ್ಷೆ ಎದುರಾಯಿತು. ಗೋಧ್ರಾ ದುರಂತ ಹಾಗೂ ಅದರ ಬೆನ್ನಿಗೇ ಹಬ್ಬಿದ ಹತ್ಯಾಕಾಂಡದಿಂದ ಗುಜರಾತ್ ಇನ್ನೂ ಚೇತರಿಸಿಕೊಂಡಿರಲಿಲ್ಲ. 2002ರ ಜುಲೈ 19ರಂದು ವಿಧಾನಸಭೆ ಅವಧಿಗೆ ಮುನ್ನವೇ ವಿಸರ್ಜನೆಯಾಯಿತು. ಸಭೆ ಕೊನೆಯದಾಗಿ ಸೇರಿದ್ದು ಏಪ್ರಿಲ್ 6ರಂದು. ಸಂವಿಧಾನದ 174ನೇ ವಿಧಿಯಂತೆ ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು. ಆದ್ದರಿಂದ ಅಕ್ಟೋಬರ್‌ನೊಳಗೆ ಚುನಾವಣೆಯಾಗಲೇಬೇಕೆಂಬುದು ಆಳುವ ಪಕ್ಷದ ವಾದ. ಆಯೋಗವು ಆಗಸ್ಟ್‌ನಲ್ಲಿ ಸ್ಥಳಕ್ಕೇ ಹೋಗಿ ನೋಡಿತು. ಮನೆಮಾರು ಕಳೆದುಕೊಂಡವರು ಊರಿಗೆ ಮರಳಿರಲಿಲ್ಲ. ಮತಪಟ್ಟಿಯಲ್ಲಿ ಹೆಸರಿದ್ದರೂ ಆ ವಿಳಾಸದಲ್ಲಿ ಮನುಷ್ಯನಿಲ್ಲದಿದ್ದರೆ ಮತದಾನವೆಂತು? ವಡೋದರದಲ್ಲಿ ಲಿಂಗ್ಡೊ ಅಧಿಕಾರಿಗಳನ್ನು ಎಲ್ಲರೆದುರೇ ಗದರಿಸಿದ್ದು ನನಗೆ ಸರಿಯೆನಿಸುವುದಿಲ್ಲ. ಅವರ ಸಿಟ್ಟಿನ ಕಾರಣ ಮಾತ್ರ ಅರ್ಥವಾಗುತ್ತದೆ. ಆಗಸ್ಟ್ 16ರಂದು ಆಯೋಗವು ತಕ್ಷಣ ಚುನಾವಣೆ ಅಸಾಧ್ಯವೆಂದು ಆದೇಶಿಸಿತು.

ಆಗ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರು ಬಹಿರಂಗ ಸಭೆಯಲ್ಲಿ ಅವರ ಪೂರ್ಣ ಹೆಸರನ್ನು ಒತ್ತಿ ಒತ್ತಿ ಉಚ್ಚರಿಸಿ, ಆದೇಶದ ಹಿಂದೆ ಧರ್ಮವಿದೆಯೆಂಬಂತೆ ಸೂಚಿಸಿದರು. ಪ್ರಧಾನಿ ವಾಜಪೇಯಿಯವರು ಇದಕ್ಕೆ ಅಸಮ್ಮತಿ ವ್ಯಕ್ತಪಡಿಸಿದರು. ಆದರೆ ಪ್ರಿಯರೇ, ಹೆಸರು ನೋಡಿ ‘ನಮ್ಮವರು’ ಎಂದು ಒಳಗೊಳಗೇ ಹಿಗ್ಗಿದವರು ನಮ್ಮಲ್ಲಿಯೂ ಇದ್ದರು, ನಾನೂ ಅವರಲ್ಲೊಬ್ಬ. ಲಿಂಗ್ಡೊ ತಾವು ನಾಸ್ತಿಕರೆಂದು ಹೇಳಿಕೊಂಡಾಗ ಎರಡೂ ಕಡೆಯವರ ಲೆಕ್ಕ ತಪ್ಪಿತು.

ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ತನ್ನ ಅಭಿಪ್ರಾಯ ನೀಡಿತು. ವಿಸರ್ಜಿತ ಸಭೆಗೆ 174ನೇ ವಿಧಿಯ ಆರು ತಿಂಗಳ ಗಡುವು ಅನ್ವಯಿಸದು. ಚುನಾವಣೆಯ ವೇಳಾಪಟ್ಟಿ ನಿರ್ಧರಿಸುವ ಅಧಿಕಾರ 324ನೇ ವಿಧಿಯನ್ವಯ ಆಯೋಗದ್ದು. ಆದರೆ ಗಡುವು ಮೀರಿದರೆ ರಾಷ್ಟ್ರಪತಿ ಆಡಳಿತ ಬರಬೇಕೆಂಬ ಆಯೋಗದ ತರ್ಕವನ್ನು ನ್ಯಾಯಾಲಯ ಒಪ್ಪಲಿಲ್ಲ. ಲಿಂಗ್ಡೊ ಎಲ್ಲದರಲ್ಲಿಯೂ ಸರಿಯಾಗಿದ್ದರೆಂದು ಹೇಳುವಂತಿಲ್ಲ.

ಡಿಸೆಂಬರ್ 12ರಂದು ಮತದಾನವಾಯಿತು. ಯಾರ ವಿರುದ್ಧ ಪಿತೂರಿ ನಡೆದಿದೆಯೆಂದು ಹೇಳಲಾಗಿತ್ತೋ ಅದೇ ಪಕ್ಷ 182ರಲ್ಲಿ 127 ಸ್ಥಾನ ಗೆದ್ದಿತು. ಅದಕ್ಕೂ ಮುನ್ನ, ಅದೇ ವರ್ಷ ಬಂದೂಕಿನ ಬೆದರಿಕೆಯ ನಡುವೆ ಜಮ್ಮು-ಕಾಶ್ಮೀರದಲ್ಲಿ ಆಯೋಗ ನಡೆಸಿದ ಚುನಾವಣೆಯಲ್ಲಿ ಆಳುವ ನ್ಯಾಷನಲ್ ಕಾನ್ಫರೆನ್ಸ್ ಅಧಿಕಾರ ಕಳೆದುಕೊಂಡಿತ್ತು. 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಲಿಂಗ್ಡೊ ಮರುವರ್ಷದ ಫೆಬ್ರವರಿಯಲ್ಲಿ ನಿವೃತ್ತರಾದರು. ಆಮೇಲೆ ಅವರು ಪುಸ್ತಕ ಬರೆದದ್ದು ಗುಜರಾತಿನ ಬಗ್ಗೆಯಲ್ಲ, ಆ ಕಾಶ್ಮೀರದ ಚುನಾವಣೆಯ ಬಗ್ಗೆ.